ಮಳೆಗಾಲ ಗೊತ್ತಿದ್ದರೆ ಮಾಯೆ ಗೆರಿಯೂ ಗೊತ್ತು

ಕರಾಟೆಯ ಒದೆಗಳ ಹೆಸರಿನ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅಪ್ಪ ಅಮ್ಮಂದಿರ ಪತ್ರಗಳೇ ಜಾಸ್ತಿ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಮಕ್ಕಳನ್ನು ಸ್ಕೂಟರಿನಲ್ಲಿ ತಂದು ಬಿಟ್ಟು, ಪಾರ್ಕಿನ ಬೆಂಚಿನ ಮೇಲೆ ಒಂದು ಗಂಟೆ ಕಾಯುವವರು ಒಳಗೆ ಏನು ನಡೆಯುತ್ತಿದೆ ಅಂತ ಕೇಳಬೇಕು ಅಲ್ವಾ? ನಾನು ಕಲಿತಿದ್ದು ಶೋಟೋಕಾನ್ ಶಾಖೆ. ಹಾಗಾಗಿ ಉತ್ತರಗಳೂ ಆ ಕಡೆಯಿಂದಲೇ ಬರುತ್ತವೆ. ನಿಮ್ಮ ಕ್ಲಾಸಿನಲ್ಲಿ ಬೇರೆ ಶಾಖೆ ಇದ್ದರೆ ಅಲ್ಲಲ್ಲಿ ಹೆಸರು ಸ್ವಲ್ಪ ಬದಲಾಗಬಹುದು.

ನನ್ನ ಮಗಳಿಗೆ ಒಂಬತ್ತು ವರ್ಷ. ಮುಂದಿನ ತಿಂಗಳು ಹಳದಿ ಬೆಲ್ಟ್ ಪರೀಕ್ಷೆ. ಒದೆಯುವುದೇನೋ ಚೆನ್ನಾಗಿ ಒದೆಯುತ್ತಾಳೆ, ಹೆಸರು ಕೇಳಿದರೆ ಮಾತ್ರ ಎಲ್ಲ ಕಲಸುಮೇಲೋಗರ. ರಾತ್ರಿ ಊಟ ಆದ ಮೇಲೆ ಮಗ್ಗಿ ಥರ ಬಾಯಿಪಾಠ ಮಾಡಿಸುತ್ತಿದ್ದೇನೆ. ಅವರ ಸರ್ ಒಮ್ಮೆ ಕೆರಿ ಅನ್ನುತ್ತಾರೆ, ಒಮ್ಮೆ ಗೆರಿ ಅನ್ನುತ್ತಾರೆ. ಯಾವುದು ಸರಿ ಮೇಡಂ?
– ಒಬ್ಬ ತಾಯಿ, ಹನುಮಂತನಗರ

ಎರಡೂ ಸರಿ ಅಮ್ಮ. ಆ ಮಗ್ಗಿ ಮಾತ್ರ ಇವತ್ತೇ ನಿಲ್ಲಿಸಿಬಿಡಿ. ಈ ಹೆಸರುಗಳನ್ನು ಬಿಡಿಸಿ ನೋಡಿದರೆ ಸಾಕು, ಉರು ಹೊಡೆಯುವ ಕಷ್ಟವೇ ಇಲ್ಲ.

ಕೆರಿ ಅಂದರೆ ಒದೆ. ಅದು ಒಂಟಿಯಾಗಿ ನಿಂತರೆ ಕೆರಿ. ಅದಕ್ಕೆ ಮೊದಲು ಇನ್ನೊಂದು ಪದ ಬಂದು ಅಂಟಿಕೊಂಡರೆ ಕ ಹೋಗಿ ಗ ಬರುತ್ತದೆ. ಇದು ನಿಮಗೆ ಆಗಲೇ ಗೊತ್ತಿರುವ ವಿಷಯ. ಮಳೆ, ಕಾಲ ಸೇರಿದರೆ ಮಳೆಕಾಲ ಅನ್ನುವುದಿಲ್ಲ, ಮಳೆಗಾಲ ಅನ್ನುತ್ತೇವೆ. ಚಳಿಗಾಲ, ಹಳಗನ್ನಡ, ಹೊಸಗನ್ನಡ ಎಲ್ಲ ಹಾಗೇ. ಹೈಸ್ಕೂಲಿನಲ್ಲಿ ಆದೇಶ ಸಂಧಿ ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರಲ್ಲ, ಅಂಥದ್ದೇ ಒಂದು ರೂಢಿ ಜಪಾನಿ ಭಾಷೆಯಲ್ಲೂ ಇದೆ. ಮಾಯೆ, ಕೆರಿ ಸೇರಿ ಮಾಯೆ ಗೆರಿ. ನಾಲಿಗೆಗೆ ಹಾಗೆ ಹೇಳುವುದು ಸುಲಭ, ಅದಕ್ಕೇ ಹಾಗೆ. ಅವರ ಸರ್ ಬರೀ ಒದೆ ಅನ್ನಬೇಕಾದಾಗ ಕೆರಿ ಅಂದಿರುತ್ತಾರೆ, ಇಂಥ ಒದೆ ಅನ್ನಬೇಕಾದಾಗ ಗೆರಿ ಅಂದಿರುತ್ತಾರೆ.

ಪದಗಳ ಸಾಲು ಕೂಡ ನಮ್ಮದರ ಹಾಗೇ ಇದೆ. ಎಂಥದ್ದು ಅನ್ನುವುದು ಮೊದಲು, ಏನು ಅನ್ನುವುದು ಕೊನೆಗೆ. ಮಾಯೆ ಅಂದರೆ ಮುಂದೆ, ಮಾಯೆ ಗೆರಿ ಮುಂದಕ್ಕೆ ಒದೆ. ಯೊಕೊ ಅಂದರೆ ಪಕ್ಕ. ಉಶಿರೊ ಅಂದರೆ ಹಿಂದೆ, ಉಶಿರೊ ಗೆರಿ ಕತ್ತೆ ಒದ್ದ ಹಾಗೆ ಹಿಂದಕ್ಕೆ. ಹಿಜಾ ಅಂದರೆ ಮಂಡಿ. ತೊಬಿ ಅಂದರೆ ಹಾರುವುದು. ಮವಾಶಿ ಅಂದರೆ ಸುತ್ತಿಸುವುದು, ತಿರುಗಿಸುವುದು. ಸುಮೊ ಕುಸ್ತಿಯವರು ಸೊಂಟಕ್ಕೆ ಸುತ್ತಿಕೊಳ್ಳುವ ದಪ್ಪ ಪಟ್ಟಿ ಟಿವಿಯಲ್ಲಿ ನೋಡಿದ್ದೀರಲ್ಲ, ಅದರ ಹೆಸರೂ ಮವಾಶಿಯೇ. ಸುತ್ತಿಕೊಳ್ಳುವುದರಿಂದ ಆ ಹೆಸರು. ಮವಾಶಿ ಗೆರಿಯಲ್ಲಿ ಕಾಲು ಬದಿಯಿಂದ ಸುತ್ತಿಕೊಂಡು ಬಂದು ಬಡಿಯುತ್ತದೆ.

ಹಾಗಾಗಿ ಹೆಸರಿನ ಕೊನೆ ಕೇಳಿದರೆ ಅದು ಒದೆಯೋ ಗುದ್ದೋ ಗೊತ್ತಾಗುತ್ತದೆ. ಮೊದಲು ಕೇಳಿದರೆ ಯಾವ ಕಡೆಗೆ, ಹೇಗೆ ಅನ್ನುವುದು ಗೊತ್ತಾಗುತ್ತದೆ. ನಾನು ಮಕ್ಕಳಿಗೆ ಕಲಿಸುವ ರೀತಿ ಹೇಳುತ್ತೇನೆ, ಮನೆಯಲ್ಲಿ ಮಾಡಿ ನೋಡಿ. ಮಗಳನ್ನು ಹಾಲಿನ ಮಧ್ಯೆ ನಿಲ್ಲಿಸಿ. ನೀವು ಅಡುಗೆಮನೆಯಿಂದಲೇ ‘ಯೊಕೊದಲ್ಲಿ ಏನಿದೆ?’ ಅಂತ ಕೇಳಿ. ಅವಳು ಪಕ್ಕಕ್ಕೆ ಕೈ ತೋರಿಸಿ ‘ಸೋಫಾ’ ಅನ್ನಬೇಕು. ‘ಉಶಿರೊದಲ್ಲಿ?’ ‘ದೇವರಮನೆ.’ ‘ಮಾಯೆಯಲ್ಲಿ?’ ‘ಅಜ್ಜಿ.’ ನಾಲ್ಕು ದಿನ ಹೀಗೆ ಆಡಿದರೆ ಸಾಕು, ಆಮೇಲೆ ಗೆರಿ ಸೇರಿಸಿ. ಅಜ್ಜಿಯನ್ನು ಮಾತ್ರ ಆಗ ಬೇರೆ ಕಡೆ ಕೂರಿಸಿ.

ಉಚ್ಚಾರದ ಬಗ್ಗೆ ಒಂದು ಮಾತು. ಮಕ್ಕಳ ಬಾಯಲ್ಲಿ ಇದು ‘ಮೈಗೇರಿ’ ಆಗಿಬಿಡುತ್ತದೆ. ಮ, ಎ ಎರಡನ್ನೂ ಬಿಡಿಬಿಡಿಯಾಗಿ ಹೇಳಿಸಿ. ಓದಲು ಸುಲಭವಾಗಲಿ ಅಂತ ನಾನು ಮಾಯೆ ಅಂತ ಬರೆದಿದ್ದೇನೆ. ಗೆರಿಯ ಗೆ ಗಿಡ್ಡ, ಎಳೆಯಬಾರದು.

ವಯಸ್ಸು ಮೂವತ್ತನಾಲ್ಕು. ಆಫೀಸಿನ ಕೆಲಸದಿಂದ ಬೆನ್ನು ಹಿಡಿದುಕೊಂಡಿತ್ತು ಅಂತ ಕರಾಟೆಗೆ ಸೇರಿದೆ. ಒಂದು ವರ್ಷ ಆಯಿತು. ಯೊಕೊ ಗೆರಿ ಕೆಯಾಗೆ, ಯೊಕೊ ಗೆರಿ ಕೆಕೊಮಿ ಎರಡರ ವ್ಯತ್ಯಾಸ ಇನ್ನೂ ತಲೆಗೆ ಹತ್ತಿಲ್ಲ. ಎರಡೂ ಪಕ್ಕಕ್ಕೇ ಒದೆಯುವುದು. ಸೆನ್ಸೈ ‘ಅದು ಕೆಯಾಗೆ ಅಲ್ಲ’ ಅಂತ ಪ್ರತಿ ಸಲ ತಿದ್ದುತ್ತಾರೆ.
– ಒಬ್ಬ ವಿದ್ಯಾರ್ಥಿ, ಮಾರತ್ತಹಳ್ಳಿ

ಇದು ನಿಜವಾಗಿ ಕಷ್ಟದ ಪ್ರಶ್ನೆ. ಬ್ಲ್ಯಾಕ್ ಬೆಲ್ಟ್ ಕಟ್ಟಿಕೊಂಡವರಲ್ಲೂ ಎಷ್ಟೋ ಜನ ಇವೆರಡನ್ನೂ ಬೆರೆಸಿ ಒದೆಯುತ್ತಾರೆ. ಹೆಸರನ್ನೇ ಬಿಡಿಸೋಣ.

ಎರಡರಲ್ಲೂ ಮೊದಲು ಬರುವ ಕೆ ಅಂದರೆ ಒದೆಯುವುದು, ಅದೇ ಕೆರಿಯ ಕೆ. ಆಗೆ ಅಂದರೆ ಮೇಲೆತ್ತುವುದು. ಕೊಮಿ ಅಂದರೆ ಒಳಕ್ಕೆ ಹೋಗುವುದು, ನುಗ್ಗುವುದು. ಹಾಗಾದರೆ ಕೆಯಾಗೆ ಅಂದರೆ ಒದ್ದು ಎತ್ತುವುದು, ಕೆಕೊಮಿ ಅಂದರೆ ಒದ್ದು ನುಗ್ಗಿಸುವುದು. ನಾವು ‘ಎತ್ತಿ ಹಾಕು’, ‘ಕಿತ್ತು ಬಿಸಾಡು’ ಅಂತ ಎರಡು ಕ್ರಿಯೆ ಜೋಡಿಸುತ್ತೇವಲ್ಲ, ಹಾಗೆ. ಒದೆಯ ದಾರಿ ಅದರ ಹೆಸರಿನಲ್ಲೇ ಇದೆ. ಒಂದು ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತದೆ, ಇನ್ನೊಂದು ನೇರವಾಗಿ ಒಳಗೆ ಹೋಗುತ್ತದೆ.

ಈಗ ಮೈಯಲ್ಲಿ. ಒಗೆದ ಟವೆಲನ್ನು ತಂತಿಗೆ ಹಾಕುವ ಮುಂಚೆ ಒಂದು ಸಲ ಝಾಡಿಸುತ್ತೀರಲ್ಲ, ಪಟ್ ಅಂತ ಸದ್ದು ಬರುತ್ತದೆ. ಟವೆಲ್ ಹೋದಷ್ಟೇ ಬೇಗ ವಾಪಸ್ ಬಂದರೆ ಮಾತ್ರ ಆ ಸದ್ದು. ಕೆಯಾಗೆ ಅದು. ಮಂಡಿ ಒಂದು ಕೀಲಿನ ಹಾಗೆ ನಿಲ್ಲುತ್ತದೆ, ಅದರ ಕೆಳಗಿನ ಕಾಲು ಮಾತ್ರ ಚಿಮ್ಮಿ ಮೇಲೆ ಹೋಗಿ ಹಾಗೇ ಮಡಚಿಕೊಂಡು ಬರುತ್ತದೆ. ಹೀಗೆ ಕಾಲನ್ನು ವಾಪಸ್ ಎಳೆದುಕೊಳ್ಳುವುದಕ್ಕೆ ಹಿಕಿಯಾಶಿ ಅನ್ನುತ್ತಾರೆ. ಹಿಕಿ ಅಂದರೆ ಎಳೆಯುವುದು, ಆಶಿ ಅಂದರೆ ಕಾಲು.

ಕೆಕೊಮಿಗೆ ಬೇರೆ ಚಿತ್ರ ಇಟ್ಟುಕೊಳ್ಳಿ. ನಿಮ್ಮ ಔಟರ್ ರಿಂಗ್ ರೋಡಿನಲ್ಲಿ ಗ್ಯಾಸ್ ಮುಗಿದ ಆಟೋವನ್ನು ಇನ್ನೊಬ್ಬ ಆಟೋದವರು ಹಿಂದಿನಿಂದ ಕಾಲು ಕೊಟ್ಟು ನೂಕಿಕೊಂಡು ಹೋಗುವುದನ್ನು ನೋಡಿಯೇ ಇರುತ್ತೀರಿ. ಆ ಕಾಲನ್ನು ಒಮ್ಮೆ ಗಮನ ಕೊಟ್ಟು ನೋಡಿ. ಪಾದ, ಮಂಡಿ, ಸೊಂಟ ಮೂರೂ ಒಂದೇ ಗೆರೆಯಲ್ಲಿ ಇರುತ್ತವೆ, ಇಡೀ ಮೈಯ ಭಾರ ಹಿಮ್ಮಡಿಯ ಮೂಲಕ ಮುಂದಿನ ಗಾಡಿಗೆ ಹೋಗುತ್ತಿರುತ್ತದೆ, ಅವರು ಬರೀ ಮಂಡಿಯ ಬಲದಿಂದ ನೂಕಲು ಹೋದರೆ ಆಟೋ ಒಂದು ಅಡಿಯೂ ಕದಲುವುದಿಲ್ಲ. ಕೆಕೊಮಿ ಅಷ್ಟು ನಿಧಾನ ಅಲ್ಲ, ಆದರೆ ಗೆರೆ ಅದೇ. ಸೊಂಟ ಒಳಗೆ ಹೋಗಬೇಕು. ನಿಂತ ಕಾಲಿನ ಪಾದ ಜಾಸ್ತಿ ತಿರುಗಬೇಕು, ಇಲ್ಲದಿದ್ದರೆ ಸೊಂಟ ಬಿಡಿಸಿಕೊಳ್ಳುವುದೇ ಇಲ್ಲ.

ನಿಮ್ಮ ತಪ್ಪು ಏನು ಅಂತ ನೋಡದೆ ಹೇಳಬಾರದು. ಆದರೂ ದೊಡ್ಡವರಾದ ಮೇಲೆ ಸೇರಿದವರಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ತೊಡೆ ಬಿಗಿ ಇರುತ್ತದೆ, ಕಾಲು ಮೇಲಕ್ಕೆ ಚಿಮ್ಮುವುದಿಲ್ಲ, ಹಾಗಾಗಿ ಕೆಯಾಗೆ ಅಂದಾಗಲೂ ನೂಕಿಬಿಡುತ್ತಾರೆ. ಗೋಡೆ ಹಿಡಿದು ನಿಂತು, ಮಂಡಿಯ ಎತ್ತರಕ್ಕಷ್ಟೇ, ದಿನಕ್ಕೆ ಇಪ್ಪತ್ತು ಸಲ ಬರೀ ಝಾಡಿಸಿ ನೋಡಿ. ಎತ್ತರದ ಚಿಂತೆ ಈಗಲೇ ಬೇಡ.

ಮಿಸ್, ಓಯಿ ಜುಕಿ ಅಂದರೆ ಪಂಚ್. ಗ್ಯಾಕು ಜುಕಿ ಅಂದರೂ ಪಂಚ್. ಹಾಗಾದರೆ ಮಿಕಜುಕಿ ಗೆರಿ ಅಂದರೆ ಪಂಚಾ, ಕಿಕ್ಕಾ?
– ಐದನೇ ತರಗತಿ ಹುಡುಗ, ರಾಜಾಜಿನಗರ

ಪುಟ್ಟಾ, ಎಂಥಾ ಪ್ರಶ್ನೆ ಕೇಳಿದ್ದೀಯ! ಕೊನೆಯಲ್ಲಿ ಗೆರಿ ಇದೆ, ಹಾಗಾಗಿ ಅದು ಒದೆಯೇ. ಆದರೆ ನಿನ್ನ ಅನುಮಾನ ಸರಿಯಾದ ಜಾಗದಲ್ಲೇ ಬಂದಿದೆ.

ಜಪಾನಿಯಲ್ಲಿ ತ್ಸುಕಿ ಅನ್ನುವ ಶಬ್ದಕ್ಕೆ ಗುದ್ದು ಅಂತಲೂ ಅರ್ಥ ಇದೆ, ಚಂದ್ರ ಅಂತಲೂ ಇದೆ. ಬರೆಯುವ ಅಕ್ಷರ ಬೇರೆ, ಕೇಳಲು ಮಾತ್ರ ಒಂದೇ. ನಮ್ಮಲ್ಲಿ ಅರಸು ಅಂದರೆ ರಾಜ, ಅರಸು ಅಂದರೆ ಹುಡುಕು, ಹಾಗೆ. ಬೇರೆ ಪದದ ಜೊತೆ ಸೇರಿದಾಗ ಎರಡೂ ಜುಕಿ ಆಗುತ್ತವೆ. ಓಯಿ ಜುಕಿಯಲ್ಲಿ ಇರುವುದು ಗುದ್ದು, ಮಿಕಜುಕಿಯಲ್ಲಿ ಇರುವುದು ಚಂದ್ರ.

ಮಿಕ ಅಂದರೆ ಮೂರನೇ ದಿನ. ಅಮಾವಾಸ್ಯೆ ಆದ ಮೇಲೆ ಮೂರನೇ ದಿನದ ಸಂಜೆ ಕಾಣುವ ತೆಳ್ಳಗಿನ ಚಂದ್ರ, ಹೆಚ್ಚುಕಡಿಮೆ ನಮ್ಮ ಬಿದಿಗೆ ತದಿಗೆಯ ಚಂದ್ರ. ಗಣೇಶ ಚೌತಿಯ ಹಿಂದಿನ ದಿನ ಗೌರಿ ಹಬ್ಬ ಬರುತ್ತದಲ್ಲ, ಅದು ತದಿಗೆ. ಮೋಡ ಇಲ್ಲದಿದ್ದರೆ ಆ ಸಂಜೆ ತಾರಸಿಗೆ ಹೋಗಿ ಪಶ್ಚಿಮಕ್ಕೆ ನೋಡು. ಚಂದ್ರ ಹೇಗೆ ಬಾಗಿರುತ್ತದೋ ಹಾಗೇ ಬಾಗಿದ ದಾರಿಯಲ್ಲಿ ಈ ಒದೆಯ ಕಾಲು ಹೋಗುತ್ತದೆ, ಅಂಗಾಲು ಬಡಿಯುತ್ತದೆ. ಹೆಯಾನ್ ಗೊದಾನ್ ಅನ್ನುವ ಕಟಾ (ಒದೆ, ಗುದ್ದು, ತಡೆಗಳನ್ನು ಗೊತ್ತಾದ ಸಾಲಿನಲ್ಲಿ ಒಬ್ಬರೇ ಮಾಡುವ ಅಭ್ಯಾಸ) ಕಲಿಯುವಾಗ ನಿನ್ನ ಅಂಗೈಗೆ ನೀನೇ ಇದನ್ನು ಬಡಿಯುತ್ತೀಯ, ಆ ಸದ್ದು ನಿನಗೆ ತುಂಬಾ ಇಷ್ಟ ಆಗುತ್ತದೆ ನೋಡು.

ಯಲಹಂಕದಲ್ಲಿದ್ದಾಗ ಟೇಕ್ವಾಂಡೊ ಕಲಿಯುತ್ತಿದ್ದೆ. ಮನೆ ಬದಲಾಯಿಸಿದ ಮೇಲೆ ಹತ್ತಿರ ಅಂತ ಕರಾಟೆಗೆ ಸೇರಿದೆ. ದೋಲ್ಯೊ ಚಾಗಿ ಅಂತ ಕಲಿತದ್ದನ್ನೇ ಇಲ್ಲಿ ಮವಾಶಿ ಗೆರಿ ಅನ್ನುತ್ತಾರೆ. ಸಾಲದ್ದಕ್ಕೆ ನನ್ನ ಕಸಿನ್ ಬೇರೆ ಶಾಖೆಯ ಕರಾಟೆ, ಅವಳು ಹೇಳುವ ಹೆಸರುಗಳೇ ಬೇರೆ. ಒಂದೇ ಒದೆಗೆ ಎಷ್ಟು ಹೆಸರು?
– ಪಿಯುಸಿ ವಿದ್ಯಾರ್ಥಿನಿ, ವಿಜಯನಗರ

ಟೇಕ್ವಾಂಡೊ ಕೊರಿಯಾದ್ದು, ಅಲ್ಲಿನ ಭಾಷೆ ಬೇರೆ. ಆ ಹೆಸರು ಬಂದದ್ದು 1955ರಲ್ಲಿ. ಅದನ್ನು ಕಟ್ಟಿದವರಲ್ಲಿ ಹಲವರು ಅದಕ್ಕೂ ಮುಂಚೆ ಜಪಾನಿನಲ್ಲಿ ಕರಾಟೆ ಕಲಿತವರು. ಚಾಗಿ ಅಂದರೆ ಒದೆ. ಆಪ್ ಚಾಗಿ ಮುಂದಿನ ಒದೆ, ಯೊಪ್ ಚಾಗಿ ಪಕ್ಕದ ಒದೆ, ದ್ವಿ ಚಾಗಿ ಹಿಂದಿನ ಒದೆ. ದೋಲ್ಯೊ ಅಂದರೆ ತಿರುಗಿಸುವುದು, ಮವಾಶಿ ಅಂದರೂ ತಿರುಗಿಸುವುದು. ಅಲ್ಲೂ ದಿಕ್ಕು ಮೊದಲು, ಒದೆ ಕೊನೆಗೆ. ಹಾಗಾಗಿ ನೀವು ಹೊಸದಾಗಿ ಕಲಿಯಬೇಕಾದದ್ದು ಐದಾರು ಪದ ಅಷ್ಟೇ.

ಕಸಿನ್ ಹೇಳುವುದು ಬೇರೆ ವಿಷಯ. ಕರಾಟೆಯ ಒಳಗೇ ಶೋಟೋಕಾನ್, ಗೋಜು ರ್ಯು, ಶಿತೊ ರ್ಯು, ವಾದೊ ರ್ಯು, ಕ್ಯೋಕುಶಿನ್ ಅಂತ ಶಾಖೆಗಳಿವೆ. ಕೆಲವು ಒದೆಗಳಿಗೆ ಪ್ರತಿ ಮನೆಯಲ್ಲೂ ತನ್ನದೇ ಹೆಸರು. ಜಾಸ್ತಿ ಗೊಂದಲ ಮಾಡುವುದು ಉರಾ ಮವಾಶಿ ಮತ್ತು ಉಶಿರೊ ಮವಾಶಿ. ಉರಾ ಅಂದರೆ ಒಳಮೈ, ಬಟ್ಟೆಯ ಒಳಬದಿಗೂ ಜಪಾನಿನಲ್ಲಿ ಉರಾ ಅಂತಲೇ ಹೇಳುತ್ತಾರೆ. ಅಂಗಿಯನ್ನು ಉಲ್ಟಾ ಹಾಕಿಕೊಂಡರೆ ಕಾಣುತ್ತದಲ್ಲ, ಆ ಕಡೆ. ಉರಾ ಮವಾಶಿ ಅಂದರೆ ಉಲ್ಟಾ ಮವಾಶಿ. ಮವಾಶಿ ಹೊರಗಿನಿಂದ ಒಳಕ್ಕೆ ಬರುತ್ತದೆ, ಇದು ಅದಕ್ಕೆ ಎದುರು ದಿಕ್ಕಿನಲ್ಲಿ ಕೊಕ್ಕೆ ಹಾಕಿದ ಹಾಗೆ ಹೋಗಿ ಹಿಮ್ಮಡಿಯಿಂದಲೋ ಅಂಗಾಲಿನಿಂದಲೋ ಬಡಿಯುತ್ತದೆ. ಮೊದಲು ಬೆನ್ನು ತಿರುಗಿಸಿ, ಒಂದು ಸುತ್ತು ಹಾಕಿಕೊಂಡು ಅದೇ ಒದೆ ಒದ್ದರೆ ಉಶಿರೊ ಉರಾ ಮವಾಶಿ. ಕೆಲವು ಶಾಖೆಗಳಲ್ಲಿ ಈ ಉದ್ದದ ಹೆಸರಿನಿಂದ ಉರಾ ಬಿಟ್ಟು ಸುಮ್ನೆ ಉಶಿರೊ ಮವಾಶಿ ಅನ್ನುತ್ತಾರೆ. ಇಬ್ಬರೂ ತಪ್ಪಲ್ಲ.

ಇನ್ನೂ ಒಂದು ಕಡೆ ಎಡವುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಶೋಟೋಕಾನ್‌ನವರ ಹೆಯಾನ್ ನಿದಾನ್ ಕಟಾವನ್ನು ಬೇರೆ ಹಲವು ಶಾಖೆಗಳಲ್ಲಿ ಪಿನಾನ್ ಶೋದಾನ್ ಅನ್ನುತ್ತಾರೆ. ಶೋದಾನ್ ಅಂದರೆ ಮೊದಲನೆಯದು, ನಿದಾನ್ ಅಂದರೆ ಎರಡನೆಯದು. ಅವರ ಮೊದಲನೆಯದು ನಮ್ಮಲ್ಲಿ ಎರಡನೆಯದಾಗಿದೆ, ಅವರ ಎರಡನೆಯದು ನಮ್ಮಲ್ಲಿ ಮೊದಲನೆಯದಾಗಿದೆ. ನಮ್ಮಲ್ಲಿ ಯೊಕೊ ಗೆರಿ ಇರುವ ಜಾಗದಲ್ಲಿ ಅವರಲ್ಲಿ ಮಾಯೆ ಗೆರಿ ಇರುತ್ತದೆ. ಕಸಿನ್ ಜೊತೆ ಜಗಳ ಆಡುವ ಮುಂಚೆ ಇಬ್ಬರೂ ಎದ್ದು ನಿಂತು ಒದ್ದು ತೋರಿಸಿಕೊಳ್ಳಿ. ಹೆಸರು ಬೇರೆ ಇದ್ದರೂ ಕಾಲು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಅನ್ನುವುದು ಕಣ್ಣಿಗೆ ಕಾಣುತ್ತದೆ.

ತಾರಸಿಯಲ್ಲಿ ಮಗನ ಜೊತೆ ಪ್ರಾಕ್ಟೀಸ್ ಮಾಡುತ್ತಾ ಮರಳಿನ ಚೀಲಕ್ಕೆ ಮಾಯೆ ಗೆರಿ ಒದ್ದೆ. ಕಾಲಿನ ಹೆಬ್ಬೆರಳು ಊದಿಕೊಂಡಿದೆ. ಮಗ ‘ಅಪ್ಪಾ, ಕೊಶಿಯಿಂದ ಒದೀಬೇಕು’ ಅನ್ನುತ್ತಾನೆ. ಅವನ ಮಾಸ್ಟರ್ ಕೊಶಿ ಅಂದರೆ ಸೊಂಟ ಅಂದಿದ್ದರಂತೆ. ಸೊಂಟದಿಂದ ಒದೆಯುವುದು ಹೇಗೆ?
– ಒಬ್ಬ ತಂದೆ, ಉತ್ತರಹಳ್ಳಿ

ಮೊದಲು ಎಕ್ಸ್‌ರೇ ತೆಗೆಸಿ ಸರ್. ಊತ ಇಳಿಯುತ್ತದೆ ಅಂತ ಸುಮ್ನೆ ಕೂರಬೇಡಿ. ಬೆರಳಿನ ಮೂಳೆ ಬಿರುಕು ಬಿಟ್ಟಿದ್ದರೂ ನಡೆಯಲು ಆಗುತ್ತದೆ, ಅದರಿಂದಲೇ ಜನ ಮೋಸ ಹೋಗುತ್ತಾರೆ.

ಕೊಶಿಗೂ ಎರಡು ಅರ್ಥ. ಸೊಂಟ ಅನ್ನುವುದು ಒಂದು. ಇನ್ನೊಂದು ಕೊಶಿಯನ್ನು ಹುಲಿ, ಕಾಲ್ಬೆರಳು ಅನ್ನುವ ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ. ಅದು ಪಾದದಲ್ಲಿ ಬೆರಳುಗಳ ಬುಡಕ್ಕೆ ಇರುವ ದಪ್ಪ ಉಬ್ಬು. ತುದಿಗಾಲಿನ ಮೇಲೆ ನಿಂತು ಅಟ್ಟದ ಡಬ್ಬಿ ತೆಗೆಯುವಾಗ ನೆಲಕ್ಕೆ ಒತ್ತುತ್ತದಲ್ಲ, ಆ ಭಾಗ. ಮಾಯೆ ಗೆರಿ ಬಡಿಯಬೇಕಾದದ್ದು ಅದರಿಂದ. ನಿಮ್ಮ ಮಗ ಹೇಳಿದ್ದು ಸರಿ, ಅವನ ಮಾಸ್ಟರ್ ಹೇಳಿದ್ದೂ ಬೇರೆ ಸಂದರ್ಭದಲ್ಲಿ ಸರಿಯಾಗಿಯೇ ಇರುತ್ತದೆ.

ಬೆರಳುಗಳನ್ನು ಮೇಲಕ್ಕೆ, ಮೊಣಕಾಲಿನ ಕಡೆಗೆ ಬಾಗಿಸಿಕೊಂಡರೆ ಈ ಉಬ್ಬು ಮುಂದೆ ಬರುತ್ತದೆ. ಹಾಗೆ ಮಾಡುವಾಗ ಪಾದವನ್ನೂ ಜೊತೆಗೆ ಮಡಚಿಕೊಳ್ಳಬಾರದು, ಪಾದ ಚಾಚಿರಬೇಕು, ಬೆರಳು ಮಾತ್ರ ಹಿಂದಕ್ಕೆ. ಹುಟ್ಟಿದಾಗಿನಿಂದ ಚಪ್ಪಲಿಯ ಉಂಗುಷ್ಠ ಹಿಡಿದು ಹಿಡಿದು ನಮ್ಮ ಬೆರಳುಗಳು ಕೆಳಗೆ ಬಾಗುವುದನ್ನೇ ಕಲಿತಿರುತ್ತವೆ. ಗೋಡೆಗೆ ಉಬ್ಬನ್ನು ಒತ್ತಿ, ಬೆರಳು ಮೇಲೆ ಮಾಡಿ, ಹತ್ತು ಎಣಿಸಿ ಬಿಡಿ. ಬೆರಳು ವಾಸಿಯಾದ ಮೇಲೆ ದಿನಾ ಇದನ್ನು ಮಾಡಿ, ತಿಂಗಳು ಕಳೆದ ಮೇಲೆ ಚೀಲ ಮುಟ್ಟಿ.

ಪಾದದ ಉಳಿದ ಭಾಗಗಳಿಗೂ ಹೆಸರಿದೆ. ಸೊಕುತೊ ಅಂದರೆ ಕಾಲ್ಕತ್ತಿ, ಪಾದದ ಹೊರ ಅಂಚು, ಯೊಕೊ ಗೆರಿಗೆ ಅದೇ ಬೇಕು. ಹೈಸೊಕು ಅಂದರೆ ಪಾದದ ಬೆನ್ನು, ಲೇಸ್ ಕಟ್ಟುವ ಜಾಗ. ಕಕಾತೊ ಹಿಮ್ಮಡಿ. ಎಷ್ಟೋ ಕ್ಲಾಸುಗಳಲ್ಲಿ ಒದೆಯ ಹೆಸರು ಹೇಳುತ್ತಾರೆ, ಪಾದದ ಯಾವ ಭಾಗ ಅನ್ನುವುದನ್ನು ಹೇಳುವುದೇ ಇಲ್ಲ. ಅದು ನನಗೆ ಬೇಸರದ ವಿಷಯ. ಹೆಸರಿನ ಅರ್ಧ ಹೇಳಿದರೆ ಕಾಲಿಗೆ ಪೆಟ್ಟಾಗುತ್ತದೆ, ನಿಮಗೆ ಆಗಿರುವ ಹಾಗೆ.

ನಮಸ್ಕಾರ ಅಮ್ಮ. ನಾನು ಕನ್ನಡ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮೊಮ್ಮಗ ಕರಾಟೆ ಕಲಿಯುತ್ತಾನೆ. ಮುಂಗಾಲೊದೆ, ಪಕ್ಕದೊದೆ ಅಂತ ಕನ್ನಡದಲ್ಲೇ ಹೇಳಿಕೊಟ್ಟರೆ ಏನು ನಷ್ಟ? ಬೆಂಗಳೂರಿನ ಮಗು ಜಪಾನಿನ ಹೆಸರನ್ನು ಯಾಕೆ ಹೊರಬೇಕು?
– ನಿವೃತ್ತ ಶಿಕ್ಷಕರು, ಬಸವನಗುಡಿ

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಹೇಳಿದ್ದರಲ್ಲಿ ಅರ್ಧಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅರ್ಥವನ್ನು ಕನ್ನಡದಲ್ಲಿ ಹೇಳದೆ ಬರೀ ಹೆಸರು ಕೂಗುವುದು ಕಲಿಸುವುದಲ್ಲ. ನನ್ನ ಕ್ಲಾಸಿನಲ್ಲಿ ಮೊದಲ ದಿನ ‘ಮುಂದಕ್ಕೆ ಒದೆ’ ಅಂತಲೇ ಹೇಳುತ್ತೇನೆ, ಎರಡನೇ ವಾರ ಮಾಯೆ ಗೆರಿ ಬರುತ್ತದೆ.

ಆದರೂ ಜಪಾನಿ ಹೆಸರನ್ನು ನಾನು ಬಿಡುವುದಿಲ್ಲ. ಕಂಠೀರವದಲ್ಲಿ ಟೂರ್ನಮೆಂಟ್ ನಡೆದರೆ ನಮ್ಮ ಮಕ್ಕಳ ಪಕ್ಕದಲ್ಲಿ ತಮಿಳು, ಹಿಂದಿ, ಬಂಗಾಳಿ ಮಾತಾಡುವ ಮಕ್ಕಳು ನಿಂತಿರುತ್ತಾರೆ, ಅಂಪೈರ್ ಯಾವ ಊರಿನವರೋ ಏನೋ, ಆದರೆ ಅವರು ಒಂದು ಪದ ಕೂಗಿದರೆ ಎಲ್ಲರ ಕಾಲೂ ಒಟ್ಟಿಗೆ ಏಳುತ್ತದೆ. ಆ ಕ್ಷಣ ನೋಡಿದರೆ ನಿಮಗೂ ಇಷ್ಟವಾಗುತ್ತದೆ. ಸಂಗೀತದವರು ಸರಿಗಮ ಇಟ್ಟುಕೊಂಡ ಹಾಗೆ ಇದು.

ಇನ್ನೊಂದು ವಿಷಯ ನಿಮಗೆ ಹೇಳಲೇಬೇಕು. ಈ ಕಲೆ ಹುಟ್ಟಿದ್ದು ಓಕಿನಾವಾದಲ್ಲಿ. 1879ರಲ್ಲಿ ಜಪಾನ್ ಅದನ್ನು ತನ್ನೊಳಗೆ ಸೇರಿಸಿಕೊಳ್ಳುವ ತನಕ ಅಲ್ಲಿ ರ್ಯುಕ್ಯು ಅನ್ನುವ ಬೇರೆ ರಾಜ್ಯ ಇತ್ತು, ಬೇರೆ ಮಾತು ಇತ್ತು. ಇತೊಸು ಅಂಕೊ ಅನ್ನುವವರು 1901ರಲ್ಲಿ ಇದನ್ನು ಅಲ್ಲಿನ ಶಾಲೆಗೆ ತಂದರು. ಫುನಕೋಶಿ ಗಿಚಿನ್ 1922ರಲ್ಲಿ ಟೋಕಿಯೊಗೆ ಹೋದರು, ಅವರೂ ಶಾಲಾ ಮೇಷ್ಟ್ರೇ ಆಗಿದ್ದವರು. ಅಲ್ಲಿನವರಿಗೆ ಅರ್ಥವಾಗಲಿ ಅಂತ ಕಟಾಗಳ ಹೆಸರು ಬದಲಿಸಿ ಪಿನಾನ್ ಅನ್ನುವುದನ್ನು ಹೆಯಾನ್ ಮಾಡಿದರು, ನೈಹಾಂಚಿಯನ್ನು ತೆಕ್ಕಿ ಮಾಡಿದರು, ಕುಶಾಂಕುವನ್ನು ಕಾಂಕು ಮಾಡಿದರು. ಕರಾಟೆ ಅನ್ನುವ ಪದವನ್ನೇ ಮೊದಲು ‘ಚೀನಾದ ಕೈ’ ಅಂತ ಬರೆಯುತ್ತಿದ್ದರು. ‘ಬರಿಗೈ’ ಅಂತ ಬರೆಯೋಣ ಅಂತ 1936ರ ಅಕ್ಟೋಬರ್ 25ರಂದು ಓಕಿನಾವಾದ ಗುರುಗಳು ಸೇರಿ ಒಪ್ಪಿಕೊಂಡರು. ಅಂದರೆ ಒಬ್ಬ ಶಾಲಾ ಮೇಷ್ಟ್ರು ತನ್ನ ಹೊಸ ಊರಿನ ಮಕ್ಕಳಿಗೆ ಅರ್ಥವಾಗುವ ಹಾಗೆ ಹೆಸರು ಬದಲಿಸಿದ್ದು ಈ ಕಲೆಯ ಚರಿತ್ರೆಯಲ್ಲೇ ಇದೆ. ನಿಮ್ಮ ಪ್ರಶ್ನೆಗೆ ಅಲ್ಲೊಂದು ಬಲ ಇದೆ ಅಂತ ಒಪ್ಪಿಕೊಳ್ಳುತ್ತೇನೆ.

ಮೊಮ್ಮಗನಿಗೆ ನೀವೇ ಹೇಳಿಕೊಡಬಹುದಾದ ಒಂದು ಪಾಠ ಕೊಡುತ್ತೇನೆ, ಇದು ಬೇರೆ ಮೇಷ್ಟ್ರುಗಳಿಗೆ ಹೊಳೆಯುವುದಿಲ್ಲ. ಅವನು ಮೊದಲ ವಾರವೇ ಗೆದಾನ್ ಬರಾಯ್ ಅನ್ನುವ ತಡೆ ಕಲಿತಿರುತ್ತಾನೆ. ಕಾಲನ್ನು ಗುಡಿಸಿ ಹಾಕುವುದಕ್ಕೆ ಆಶಿ ಬರಾಯ್ ಅನ್ನುತ್ತಾರೆ. ಆಶಿ ಅಂದರೆ ನಮ್ಮ ಕಾಲು ಇದ್ದ ಹಾಗೇ, ಪಾದಕ್ಕೂ ಅದೇ ಪದ, ಇಡೀ ಕಾಲಿಗೂ ಅದೇ ಪದ. ಬರಾಯ್ ಒಂಟಿಯಾಗಿದ್ದರೆ ಹರಾಯ್, ಅಂದರೆ ಗುಡಿಸುವುದು, ಝಾಡಿಸಿ ತೆಗೆಯುವುದು. ಹ ಹೇಗೆ ಬ ಆಯಿತು ಅಂತ ಕೇಳಿದರೆ ಕಂಬನಿ ನೆನಪಿಸಿ. ಇವತ್ತು ಹನಿ ಅನ್ನುತ್ತೇವೆ, ಹಳಗನ್ನಡದಲ್ಲಿ ಪನಿ, ಕಣ್ಣಿನ ಜೊತೆ ಸೇರಿದಾಗ ಕಂಬನಿ. ಜಪಾನಿಯ ಹ ಕೂಡ ಹಿಂದೆ ಪ ಆಗಿತ್ತು. ಅವರ ಹರಾಯ್ ಬರಾಯ್ ಆಗುವುದೂ ನಮ್ಮ ಹನಿ ಕಂಬನಿಯಲ್ಲಿ ಬನಿ ಆಗಿ ಕೂತಿರುವುದೂ ಒಂದೇ ಥರದ ಕಥೆ. ಎರಡು ಭಾಷೆಗೂ ನೆಂಟಸ್ತಿಕೆ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕನ್ನಡ ಚೆನ್ನಾಗಿ ಗೊತ್ತಿರುವ ಮಗುವಿಗೆ ಈ ಹೆಸರುಗಳು ಹೊರೆ ಆಗುವುದಿಲ್ಲ ಮೇಷ್ಟ್ರೇ.

ಕಿನ್ ಗೆರಿಯ ಅರ್ಥ ಕೇಳಿದರೆ ನಮ್ಮ ಸರ್ ನಕ್ಕು ಸುಮ್ಮನಾದರು. ಯಾಕೆ?
– ಎಂಟನೇ ತರಗತಿ, ಜಯನಗರ

ನಾಚಿಕೊಳ್ಳುವ ವಿಷಯ ಏನೂ ಇಲ್ಲ. ಕಿನ್ ಅಂದರೆ ಚಿನ್ನ. ಜಪಾನಿನ ಆಡುಮಾತಿನಲ್ಲಿ ಗಂಡಸರ ವೃಷಣಕ್ಕೆ ಚಿನ್ನದ ಗುಂಡು ಅನ್ನುವ ಅರ್ಥದ ಹೆಸರಿದೆ, ಅದರಿಂದ ಬಂದದ್ದು. ತೊಡೆಸಂದಿಗೆ ಒದೆಯುವುದು ಕಿನ್ ಗೆರಿ. ಸ್ಪರ್ಧೆಯಲ್ಲಿ ಇದಕ್ಕೆ ಅವಕಾಶ ಇಲ್ಲ, ಗೆಳೆಯರ ಮೇಲೆ ತಮಾಷೆಗೂ ಮಾಡಬಾರದು. ಮಂಡಿಯ ಕೀಲಿಗೆ ಒದೆಯುವ ಕನ್ಸೆತ್ಸು ಗೆರಿಗೂ ಇದೇ ಮಾತು. ಯಾರಾದರೂ ನಿಜವಾಗಿ ಹಿಡಿದುಕೊಂಡು ತೊಂದರೆ ಕೊಟ್ಟರೆ, ತಪ್ಪಿಸಿಕೊಂಡು ಓಡಲು ಇರುವ ಒದೆಗಳು ಇವು. ಹುಡುಗಿಯರಿಗೆ ನಾನು ಇದನ್ನು ಹೆಸರು, ಅರ್ಥ ಎರಡೂ ಹೇಳಿಯೇ ಕಲಿಸುತ್ತೇನೆ.

ನಮ್ಮ ಮಗನಿಗೆ ಏಳು ವರ್ಷ. ಸೆನ್ಸೈ ‘ನಿದಾನ್ ಗೆರಿ’ ಅಂದರೆ ಇವನು ಮೆಲ್ಲಗೆ, ಸ್ಲೋ ಮೋಷನ್ನಿನಲ್ಲಿ ಕಾಲು ಎತ್ತುತ್ತಾನೆ. ‘ನಿಧಾನ ಅಂದ್ರಲ್ಲಮ್ಮ’ ಅನ್ನುತ್ತಾನೆ. ಏನು ಹೇಳಲಿ?
– ಒಬ್ಬ ತಾಯಿ, ಮಲ್ಲೇಶ್ವರ

ಅವನ ಕಿವಿಗೆ ಒಂದು ಮುತ್ತು ಕೊಡಿ ಮೊದಲು. ಕೇಳಿದ್ದನ್ನು ತನ್ನ ಭಾಷೆಯಲ್ಲಿ ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದಾನೆ, ಅಂಥ ಮಗು ಬೇಗ ಕಲಿಯುತ್ತದೆ.

ನಿ ಅಂದರೆ ಎರಡು. ಇಚಿ, ನಿ, ಸಾನ್ ಅಂತ ಅವನು ದಿನಾ ಎಣಿಸುವ ನಿ ಅದೇ. ದಾನ್ ಅಂದರೆ ಮೆಟ್ಟಿಲು, ಹಂತ. ಈ ದಾನ್ ಒಂದನ್ನು ಹಿಡಿದುಕೊಂಡರೆ ಎಷ್ಟೋ ಬಾಗಿಲು ತೆರೆಯುತ್ತದೆ. ಮುಖ, ಕುತ್ತಿಗೆಯ ಎತ್ತರ ಜೋದಾನ್, ಮೇಲಿನ ಮೆಟ್ಟಿಲು. ಎದೆ, ಹೊ‌ಟ್ಟೆಯ ಎತ್ತರ ಚೂದಾನ್, ನಡುವಿನದು. ಸೊಂಟದ ಕೆಳಗೆ ಗೆದಾನ್. ಬ್ಲ್ಯಾಕ್ ಬೆಲ್ಟಿನ ಶೋದಾನ್, ನಿದಾನ್ ಅನ್ನುವುದರಲ್ಲೂ ಇದೇ ದಾನ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 2021ರಲ್ಲಿ ಕರಾಟೆ ಇತ್ತಲ್ಲ, ಅಲ್ಲಿ ಜೋದಾನ್ ಒದೆಗೆ 3 ಅಂಕ, ಚೂದಾನ್ ಒದೆಗೆ 2, ಗುದ್ದಿಗೆ 1 ಇತ್ತು. ಮೆಟ್ಟಿಲು ಹತ್ತಿದಷ್ಟೂ ಅಂಕ ಅಂತ ಹೇಳಿದರೆ ಮಕ್ಕಳಿಗೆ ಮರೆಯುವುದಿಲ್ಲ.

ನಿದಾನ್ ಗೆರಿ ಅಂದರೆ ಎರಡು ಮೆಟ್ಟಿಲಿನ ಒದೆ. ಹಾರಿ, ಒಂದು ಕಾಲಿನಿಂದ ಹೊಟ್ಟೆಯ ಎತ್ತರಕ್ಕೆ, ಗಾಳಿಯಲ್ಲಿ ಇರುವಾಗಲೇ ಇನ್ನೊಂದು ಕಾಲಿನಿಂದ ಮುಖದ ಎತ್ತರಕ್ಕೆ. ಕಾಂಕು ದೈ ಕಟಾದ ಕೊನೆಯ ಹತ್ತಿರ ಇದು ಬರುತ್ತದೆ. ಏಳು ವರ್ಷಕ್ಕೆ ಗಟ್ಟಿ ನೆಲದ ಮೇಲೆ ಬೇಡ, ಮ್ಯಾಟ್ ಇದ್ದರೆ ಮಾತ್ರ ಮಾಡಿಸಿ. ಮನೆಯಲ್ಲಿ ಮೊದಲು ಮೆಟ್ಟಿಲು ಹತ್ತುವುದನ್ನೇ ತೋರಿಸಿ, ಒಂದು ಕಾಲು ಕೆಳಗಿನ ಮೆಟ್ಟಿಲಿಗೆ, ಇನ್ನೊಂದು ಅದರ ಮೇಲಿನದಕ್ಕೆ. ಒಂದು, ಎರಡು. ಆಮೇಲೆ ಹಾರಲು ಹೇಳಿ. ಎರಡನೇ ಒದೆ ಹೋಗಿ ಮುಟ್ಟುವ ತನಕ ಮೊದಲಿನ ಕಾಲು ನೆಲಕ್ಕೆ ತಾಗಬಾರದು. ತಾಗಿದರೆ ಅದು ಎರಡು ಮಾಯೆ ಗೆರಿ ಆಗುತ್ತದೆ, ನಿದಾನ್ ಗೆರಿ ಆಗುವುದಿಲ್ಲ.